ಜಮಖಂಡಿಯ ಗ್ರಹಣ, ದೂರದ ಗ್ರಹಗಳು

1868ರ ಆಗಸ್ಟ್ 18, ಮಂಗಳವಾರ. ಅಂದು ಬೆಳಿಗ್ಗೆ ಚಂದ್ರನ ನೆರಳು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಗಳ ಮೇಲೆ ಹಾದುಹೋಯಿತು. ಖಗ್ರಾಸ ಸೂರ್ಯಗ್ರಹಣ. ಹಗಲಿನಲ್ಲೇ ಕತ್ತಲೆ. ಅಥಣಿಯಿಂದ ಕೃಷ್ಣೆ ದಾಟಿದರೆ ಸಿಗುವ ಜಮಖಂಡಿಯಲ್ಲಿ, ಅಂದಿನ ಪಟವರ್ಧನರ ಸಂಸ್ಥಾನದಲ್ಲಿ, ಒಬ್ಬ ಇಂಗ್ಲಿಷ್ ಅಧಿಕಾರಿ ದೂರದರ್ಶಕ ಹೂಡಿಕೊಂಡು ಮೋಡಗಳನ್ನು ಶಪಿಸುತ್ತ ಕುಳಿತಿದ್ದಿರಬೇಕು. ಗ್ರಹಣ ಹಿಡಿದಾಗ ಸೂರ್ಯನಿಗೆ ಮೋಡದ ಮರೆ ಬೇರೆ ಬಂದಿತ್ತು.

ಆತ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಭಾರತದ ತ್ರಿಕೋನಮಿತಿ ಸರ್ವೆಯಲ್ಲಿ ನೌಕರ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಲಂಡನ್ನಿನ ರಾಯಲ್ ಸೊಸೈಟಿ ಆತನಿಗೆ ವಹಿಸಿದ್ದ ಕೆಲಸ ಒಂದೇ: ಗ್ರಹಣದ ವೇಳೆ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಏನೆಂದು ತಿಳಿಯುವುದು. ಅದಕ್ಕಾಗಿ ದೂರದರ್ಶಕಕ್ಕೆ ರೋಹಿತದರ್ಶಕವನ್ನು, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣವನ್ನು, ಜೋಡಿಸಲಾಗಿತ್ತು. ಕಾದ ಲೋಹದ ಬೆಳಕು ಬಿಡಿಸಿದರೆ ಕಾಮನಬಿಲ್ಲಿನಂತೆ ಅಖಂಡ ಪಟ್ಟಿ ಬರುತ್ತದೆ. ಉರಿಯುವ ಅನಿಲದ್ದಾದರೆ ಬಿಡಿಬಿಡಿ ಗೆರೆಗಳು.

ಮೋಡ ಸರಿದ ಸಂದಿಯಲ್ಲಿ ಹರ್ಷೆಲ್‌ಗೆ ಕಂಡದ್ದು ಮೂರು ಗೆರೆ: ಕೆಂಪು, ಕಿತ್ತಳೆ, ನೀಲಿ. ಜ್ವಾಲೆಗಳು ಅನಿಲವೆಂಬುದು ಖಚಿತವಾಯಿತು. ಕಿತ್ತಳೆ ಗೆರೆ ಸೋಡಿಯಂನದ್ದೇ, ತನ್ನ ಉಪಕರಣ ಹೇಳಬಲ್ಲಷ್ಟರ ಮಟ್ಟಿಗೆ ಅದರಲ್ಲಿ ಸಂದೇಹವಿಲ್ಲ ಎಂದು ಆತ ವರದಿ ಮಾಡಿದ. ಆ ಷರತ್ತಿನ ಮಾತೇ ಆತನ ಮರ್ಯಾದೆ ಉಳಿಸಿತು ಎನ್ನಬೇಕು. ಗೆರೆ ಸೋಡಿಯಂನದಾಗಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣದ ಹಂಗಿಲ್ಲದೆ ಅದನ್ನು ನೋಡಿ, ಸೋಡಿಯಂ ಗೆರೆಗಳಿಂದ ಅದು ಕೂದಲೆಳೆಯಷ್ಟು ಪಕ್ಕದಲ್ಲಿದೆ ಎಂದು ಅಳೆದ. ಹೊಸ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದು ವಿಲಿಯಂ ರಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ.

ಈ ಹಳೆಯ ಕಥೆಗೂ ದೂರದ ನಕ್ಷತ್ರಗಳ ಗ್ರಹಗಳಿಗೂ ಏನು ನಂಟು? ಅಂದು ಜಮಖಂಡಿಯಲ್ಲಿ ನಡೆದದ್ದು ಎರಡು ಸಂಗತಿ: ಒಂದು ಕಾಯ ಇನ್ನೊಂದರ ಬೆಳಕಿಗೆ ಅಡ್ಡ ಬಂತು; ಆ ಬೆಳಕಿನ ಗೆರೆ ಎಲ್ಲಿದೆ ಎಂದು ಒಬ್ಬ ಅಳೆಯಲು ಹೋದ. ಇಂದು ಅನ್ಯಗ್ರಹಗಳನ್ನು ಹುಡುಕುವವರು ಮುಖ್ಯವಾಗಿ ಮಾಡುವುದೂ ಇವೆರಡನ್ನೇ.

ಮೊದಲನೆಯದು ಅಡ್ಡ ಬರುವ ಬಗೆ. ತವಂದಿ ಘಟ್ಟ ಇಳಿಯುವ ಲಾರಿಯ ದೀಪದ ಮುಂದೆ ನುಸಿಯೊಂದು ಹಾದರೆ ನಿಪ್ಪಾಣಿಯಲ್ಲಿ ನಿಂತವನಿಗೆ ಗೊತ್ತಾದೀತೇ? ನಮ್ಮ ಭೂಮಿ ಸೂರ್ಯನಿಗೆ ಅಡ್ಡ ಬಂದರೆ, ದೂರದಿಂದ ನೋಡುವವರಿಗೆ ಬೆಳಕು ಕುಗ್ಗುವುದು ಸುಮಾರು 12,000ದಲ್ಲಿ ಒಂದು ಪಾಲು ಮಾತ್ರ. ಆದರೆ ನಕ್ಷತ್ರಕ್ಕೆ ತೀರ ಹತ್ತಿರವಿರುವ ಗ್ರಹ ಒಂದು ಉಪಕಾರ ಮಾಡುತ್ತದೆ: ಮತ್ತೆ ಮತ್ತೆ ಬರುತ್ತದೆ. 2009ರಲ್ಲಿ ಪ್ರಕಟವಾದ ಕೊರೊ-7ಬಿ ಎಂಬ ಪುಟ್ಟ ಗ್ರಹ 20 ಗಂಟೆ ಚಿಲ್ಲರೆಗೆ ಒಂದು ಸುತ್ತು ಮುಗಿಸುತ್ತದೆ. 2013ರಲ್ಲಿ ತಿಳಿದ ಕೆಪ್ಲರ್-78ಬಿ ಗಾತ್ರದಲ್ಲಿ ಭೂಮಿಗಿಂತ ತುಸು ದೊಡ್ಡದು. ಅದರ ‘ವರ್ಷ’ ಎಂಟೂವರೆ ಗಂಟೆ! ದಿನಕ್ಕೆ ಸುಮಾರು ಮೂರು ಬಾರಿ ಬೆಳಕು ಕುಗ್ಗುವುದರಿಂದ ನೂರಾರು ಸಲದ ಅಳತೆಗಳನ್ನು ಒಂದರ ಮೇಲೊಂದು ಕೂಡಿಸಿ, ಕ್ಷೀಣ ಸುಳಿವನ್ನೂ ಹಿಡಿಯಬಹುದು. ಹತ್ತಿರವಿದ್ದಷ್ಟೂ ನಮ್ಮ ದೃಷ್ಟಿಗೆ ನೇರವಾಗಿ ಅಡ್ಡ ಬರುವ ಸಂಭವವೂ ಹೆಚ್ಚು.

ಬೆಳಕು ಕುಗ್ಗಿದ ಮಾತ್ರಕ್ಕೆ ಗ್ರಹವೆನ್ನುವಂತಿಲ್ಲ. ನಕ್ಷತ್ರದ ಮೇಲಿನ ಕಲೆಯೋ, ಹಿನ್ನೆಲೆಯಲ್ಲಿ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳೋ ಇದೇ ವೇಷ ಹಾಕಬಲ್ಲವು. ಆದ್ದರಿಂದ ಎರಡನೆಯ ಸಾಕ್ಷಿ ಬೇಕು. ಗ್ರಹ ಸುತ್ತುವಾಗ ನಕ್ಷತ್ರವನ್ನೂ ತುಸು ಎಳೆದಾಡುತ್ತದೆ. ನಕ್ಷತ್ರ ನಮ್ಮತ್ತ ಬಂದಾಗ ಅದರ ರೋಹಿತದ ಗೆರೆಗಳು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಜಾರುತ್ತವೆ. 1995ರಲ್ಲಿ ಸ್ವಿಟ್ಜರ್‌ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೋ ನಾಲ್ಕು ದಿನಕ್ಕೊಮ್ಮೆ ಸುತ್ತುವ ದೊಡ್ಡ ಗ್ರಹವೊಂದನ್ನು ಪತ್ತೆ ಮಾಡಿದ್ದು ಹೀಗೆಯೇ. ಅದಕ್ಕೆ 2019ರ ನೊಬೆಲ್ ದೊರೆಯಿತು. ಕೆಪ್ಲರ್-78ಬಿಯಂಥ ಚಿಕ್ಕ ಗ್ರಹದ ಎಳೆತಕ್ಕೆ ಅದರ ನಕ್ಷತ್ರ ಓಲಾಡುವ ವೇಗ ಸೆಕೆಂಡಿಗೆ ಎರಡು ಮೀಟರಿಗೂ ಕಡಿಮೆ. ಬಿರುಸಾಗಿ ನಡೆಯುವ ಮನುಷ್ಯನ ವೇಗ. ಹರ್ಷೆಲ್‌ಗೆ ಹಿಡಿಯಲಾಗದ ಅಂತರಕ್ಕಿಂತ ಈ ಗೆರೆಗಳ ಜಾರುವಿಕೆ ಲಕ್ಷಾಂತರ ಪಟ್ಟು ಕಿರಿದು. ಅದನ್ನು ಅಳೆಯುವ ರೋಹಿತದರ್ಶಕಗಳನ್ನು ಉಷ್ಣತೆ, ಗಾಳಿಯ ಒತ್ತಡ ಕದಲದಂತೆ ಜೋಪಾನವಾಗಿ ಮುಚ್ಚಿಡುತ್ತಾರೆ.

ಇನ್ನು ಹೀಲಿಯಂ. 2017ರಲ್ಲಿ ಹಬಲ್ ದೂರದರ್ಶಕ ವಾಸ್ಪ್-107ಬಿ ಎಂಬ ಗ್ರಹವನ್ನು ಅದು ತನ್ನ ನಕ್ಷತ್ರಕ್ಕೆ ಅಡ್ಡ ಬಂದ ಹೊತ್ತಿನಲ್ಲಿ ನೋಡಿತು. ಇದು ಚಿಕ್ಕ ಗ್ರಹವಲ್ಲ, ಗುರುವಿನ ಗಾತ್ರಕ್ಕೆ ಸಮೀಪದ್ದು. ಸುತ್ತಲು ಆರು ದಿನವೂ ಬೇಡ. ನಕ್ಷತ್ರದ ಬಿಸಿಗೆ ಅದರ ವಾತಾವರಣ ಸೋರಿಹೋಗುತ್ತಿದೆ. ಆ ಅನಿಲದ ಮೂಲಕ ತೂರಿ ಬಂದ ಬೆಳಕಿನಲ್ಲಿ ಹೀಲಿಯಂನ ಗುರುತಿತ್ತು. ಅನ್ಯಗ್ರಹವೊಂದರಲ್ಲಿ ಹೀಲಿಯಂ ಕಂಡದ್ದು ಅದೇ ಮೊದಲು. ಸಿಕ್ಕಿದ್ದು ಜಮಖಂಡಿಯ ಕಿತ್ತಳೆ ಗೆರೆಯಲ್ಲ, ಕಣ್ಣಿಗೆ ಕಾಣದ ಅವಗೆಂಪು ಭಾಗದಲ್ಲಿರುವ ಅದರ ಒಡಹುಟ್ಟು.