ಮೌಸ್ ಹಿಡಿಯಲು ಕಲಿಸಿದ ಮೇಷ್ಟ್ರು: ಪೇಂಟ್‌ನ ಕಥೆ

ನಮ್ಮಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರೆಲ್ಲ ಹೆಚ್ಚುಕಡಿಮೆ ಒಂದೇ ಚಿತ್ರ ಬರೆದಿರ್ತಾರೆ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ಪಕ್ಕದಲ್ಲೊಂದು ಗುಡಿಸಲು, ಒಂದು ತೆಂಗಿನಮರ. ಸ್ಲೇಟಿನ ಮೇಲೆ ಬರೀತಿದ್ದದ್ದನ್ನೇ ಮೌಸ್ ಹಿಡಿದು ಬರೆದದ್ದು, ಅಷ್ಟೆ. ಗುಡಿಸಲಿನ ಗೋಡೆ ಸೊಟ್ಟ, ತೆಂಗಿನಮರ ಇನ್ನೂ ಸೊಟ್ಟ. ಆಮೇಲೆ ಬಣ್ಣದ ಬಕೆಟ್ ತಗೊಂಡು ಆಕಾಶಕ್ಕೆ ನೀಲಿ ಸುರಿದರೆ ಗುಡ್ಡ, ಗುಡಿಸಲು, ಹೊಳೆ ಎಲ್ಲವೂ ನೀಲಿ! ಎಲ್ಲೋ ಒಂದು ಗೆರೆ ಇನ್ನೊಂದಕ್ಕೆ ಕೂಡಿರಲಿಲ್ಲ :)

ವಿಂಡೋಸ್ ಜೊತೆ ಪುಕ್ಕಟೆಯಾಗಿ ಬರುವ ಪೇಂಟ್ ಅನ್ನು ಯಾರೂ ಗಂಭೀರವಾಗಿ ತಗೊಂಡಿದ್ದಿಲ್ಲ. ಫೋಟೋಶಾಪ್, ಕೋರೆಲ್ ಡ್ರಾ ಕಲಿತವರಿಗೆ ಡಿಟಿಪಿ ಅಂಗಡಿಯಲ್ಲಾದರೂ ಕೆಲಸ ಸಿಕ್ಕೀತು. "ನನಗೆ ಪೇಂಟ್ ಬರುತ್ತೆ" ಅನ್ನೋದು "ನನಗೇನೂ ಬರಲ್ಲ" ಅನ್ನೋದಕ್ಕೆ ಸಮವಾಗಿತ್ತು. ಆದರೆ ಅದರ ಹಿಂದಿನ ಚರಿತ್ರೆಯನ್ನು ಓದ್ತಾ ಹೋದರೆ ಬೇರೆಯೇ ಒಂದು ಮಾತು ಹೊಳೆಯುತ್ತೆ. ಹೊಸಬರಿಗೆ ಸುಲಭ ಅನ್ನಿಸುವ ಆ ಒಂದೊಂದು ಪುಟ್ಟ ಗುಂಡಿಯ ಹಿಂದೆ ಯಾರೋ ಒಬ್ಬರು ತಲೆ ಕೆಡಿಸಿಕೊಂಡಿದ್ದಾರೆ. ಆ ಕಥೆಯನ್ನೇ ಇಲ್ಲಿ ಹೇಳೋಣ ಅಂತ.

ಮೊದಲಿಗೆ 1963ಕ್ಕೆ ಹೋಗಬೇಕು. ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಂ ಬರೆದರು. ಅದು ಓಡ್ತಿದ್ದದ್ದು ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಎಂಬ ಭಾರೀ ಯಂತ್ರದಲ್ಲಿ. ಕಂಪ್ಯೂಟರ್ ಜೊತೆ ಮಾತಾಡಬೇಕು ಅಂದ್ರೆ ಕಾರ್ಡು ತೂತು ಮಾಡಿ ಕೊಟ್ಟು ಕಾಯಬೇಕಾಗಿದ್ದ ಕಾಲದಲ್ಲಿ ಸದರ್ಲೆಂಡ್ ಒಂದು ಬೆಳಕಿನ ಪೆನ್ನನ್ನು ಪರದೆಗೆ ತಾಗಿಸಿ ಗೆರೆ ಎಳೆದರು. ಗೆರೆಯ ಒಂದು ತುದಿ ಹಿಡಿದರೆ ಅದು ರಬ್ಬರಿನ ಹಾಗೆ ಪೆನ್ನಿನ ಹಿಂದೆಯೇ ಬರ್ತಿತ್ತು. ಇವತ್ತು ಪೇಂಟಿನಲ್ಲಿ ಲೈನ್ ಎಳೆಯುವಾಗ ಆಗೋದೂ ಅದೇ. 1988ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಆದರೆ ಸ್ಕೆಚ್‌ಪ್ಯಾಡ್ ಪೇಂಟಿನ ಅಜ್ಜ ಅಲ್ಲ, ದೊಡ್ಡಜ್ಜ ಅನ್ನಬಹುದು. ಅದು ಎಂಜಿನಿಯರುಗಳ ನಕ್ಷೆಗೆ ಹತ್ತಿರದ್ದು. 'ಇಲ್ಲಿಂದ ಅಲ್ಲಿಗೆ ಒಂದು ಗೆರೆ' ಅಂತ ನೆನಪಿಟ್ಟುಕೊಳ್ಳುತ್ತಿತ್ತು. ಪೇಂಟ್ ಗೆರೆಯನ್ನು ನೆನಪಿಡುವುದಿಲ್ಲ, ಚುಕ್ಕಿಗಳನ್ನು ಮಾತ್ರ ನೆನಪಿಡುತ್ತೆ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುವವರಿಗೂ ಧಾರವಾಡದ ಕಡೆ ಕಸೂತಿ ಹಾಕುವವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಮುರ್ಗಿ ಹೊಲಿಗೆಯಲ್ಲಿ ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಪೇಂಟಿನಲ್ಲಿ ಓರೆ ಗೆರೆ ಎಳೆದು ದೊಡ್ಡದು ಮಾಡಿ ನೋಡಿ, ಅದೇ ಮೆಟ್ಟಿಲು ಕಾಣುತ್ತೆ.

ಪ್ರತಿ ಚುಕ್ಕಿಯ ಬಣ್ಣವನ್ನೂ ನೆನಪಿಡಬೇಕು ಅಂದ್ರೆ ಮೆಮೊರಿ ಬೇಕು, ಆಗ ಅದು ಚಿನ್ನದ ಬೆಲೆ. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ರಿಚರ್ಡ್ ಶೂಪ್ ಎಂಬುವರು ಅದನ್ನೂ ಮಾಡಿದರು. ಅವರ 'ಸೂಪರ್‌ಪೇಂಟ್'ನಲ್ಲಿ 256 ಬಣ್ಣ ಸಿಗ್ತಿತ್ತು. ಒಂದು ಪರದೆಯಷ್ಟು ಚಿತ್ರಕ್ಕೇ ಸುಮಾರು 300 ಕಿಲೋಬೈಟ್ ಮೆಮೊರಿ ಮೀಸಲು. ಮುಂದಿನ ವರ್ಷ ಆಲ್ವಿ ರೇ ಸ್ಮಿತ್ ಎಂಬ ಕಂಪ್ಯೂಟರ್ ವಿಜ್ಞಾನಿ ಅಲ್ಲಿಗೆ ಬಂದು ಅದರ ಮುಂದೆ ಕೂತವರು ಏಳಲೇ ಇಲ್ಲ. ಆದರೆ ಕಂಪನಿಯವರ ಲೆಕ್ಕಾಚಾರ ಬೇರೆ ಇತ್ತು. ಕಚೇರಿ ಕೆಲಸಕ್ಕೆ ಬಣ್ಣ ಯಾಕೆ ಅಂತ ಅದನ್ನು ಕೈಬಿಟ್ಟರು, ಸ್ಮಿತ್ ಹೊರಬಿದ್ದರು. 1983ರಲ್ಲಿ ಸೂಪರ್‌ಪೇಂಟ್‌ಗಾಗಿ ಶೂಪ್ ಮತ್ತು ಝೆರಾಕ್ಸ್‌ಗೆ ಎಮ್ಮಿ ಪ್ರಶಸ್ತಿ ಬಂತು. ಸ್ಮಿತ್ 1986ರಲ್ಲಿ ಪಿಕ್ಸಾರ್ ಸ್ಥಾಪಕರಲ್ಲಿ ಒಬ್ಬರಾದರು. ಕಚೇರಿಗೆ ಬೇಡವಾದ ಬಣ್ಣ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಈಗ ಅಸಲಿ ಅಜ್ಜ. 1984ರ ಜನವರಿ 24ರಂದು ಆಪಲ್ ಕಂಪನಿಯ ಮ್ಯಾಕಿಂಟಾಷ್ ಬಿಡುಗಡೆಯಾಯಿತು, ಜೊತೆಗೆ 'ಮ್ಯಾಕ್‌ಪೇಂಟ್'. ಬರೆದವರು ಬಿಲ್ ಅಟ್ಕಿನ್‌ಸನ್. ಆ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ. ಬಣ್ಣ ಇಲ್ಲವೇ ಇಲ್ಲ, ಕಪ್ಪು ಇಲ್ಲಾ ಬಿಳಿ. ಒಂದು ಚುಕ್ಕಿಗೆ ಒಂದು ಬಿಟ್ ಅಂದ್ರೂ ಪರದೆಗೇ 21,888 ಬೈಟ್ ಬೇಕು. ಇಡೀ ಯಂತ್ರದಲ್ಲಿ ಇದ್ದದ್ದು 128 ಕಿಲೋಬೈಟ್. ಅಷ್ಟರಲ್ಲೇ ಪೆನ್ಸಿಲ್, ಕುಂಚ, ಸ್ಪ್ರೇ, ರಬ್ಬರ್, ಬಣ್ಣದ ಬಕೆಟ್, ಕುಣಿಕೆ ಎಲ್ಲ ಹಿಡಿಸಬೇಕಿತ್ತು. ಬೂದು ಬಣ್ಣ ಬೇಕು ಅಂದ್ರೆ ಕಪ್ಪು ಬಿಳಿ ಚುಕ್ಕಿಗಳನ್ನು ಒಂದು ಬಿಟ್ಟು ಒಂದು ಇಟ್ಟು ಕಣ್ಣಿಗೆ ಮೋಸ ಮಾಡೋದು.

ಆಯ್ಕೆ ಮಾಡಿದ ಭಾಗದ ಸುತ್ತ ಇರುವೆ ಸಾಲಿನ ಹಾಗೆ ಹರಿಯುವ ತುಂಡು ಗೆರೆ ಇದೆಯಲ್ಲ, ಅದರ ಕಥೆ ಸ್ವಾರಸ್ಯವಾಗಿದೆ. ಕಪ್ಪು ಚಿತ್ರದ ಮೇಲೆ ಕಪ್ಪು ಗೆರೆ ಕಾಣಲ್ಲ, ಬಿಳಿಯ ಮೇಲೆ ಬಿಳಿ ಕಾಣಲ್ಲ. ಆಯ್ದ ಭಾಗ ಎದ್ದು ಕಾಣೋದು ಹೇಗೆ? ಅಟ್ಕಿನ್‌ಸನ್ ಒಂದು ಬಾರಿನಲ್ಲಿ ನೀರು ಹರಿದಂತೆ ಕಾಣುವ ಬಿಯರ್ ಜಾಹೀರಾತಿನ ದೀಪದ ಫಲಕ ನೋಡಿದ್ದರಂತೆ. ಗೆರೆಯನ್ನೂ ಹಾಗೇ ಹರಿಸಿಬಿಟ್ಟರು. ಯಾವ ಹಿನ್ನೆಲೆಯಿದ್ದರೂ ಚಲಿಸುವುದು ಕಣ್ಣಿಗೆ ಬೀಳುತ್ತೆ.

ಆ ಚಿಹ್ನೆಗಳನ್ನು ಬರೆದವರು ಸೂಸನ್ ಕೇರ್. ಕಂಪ್ಯೂಟರ್ ಓದಿದವರಲ್ಲ, ಕಲೆ ಓದಿದವರು. ಚೌಕಳಿ ಪುಸ್ತಕದಲ್ಲಿ ಒಂದೊಂದು ಚೌಕ ತುಂಬುತ್ತಾ ಚಿತ್ರ ಬರೆದರು. ಬಗ್ಗಿಸಿದ ಬಕೆಟ್ ಕಂಡರೆ 'ಸುರಿ' ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಇಂಗ್ಲಿಷ್ ಓದಲು ಬಾರದ ಮಕ್ಕಳೂ ಪೇಂಟ್ ಬಳಸಿದ್ದು ಇದರಿಂದಲೇ. ಹೆಸರು ಬೇಕಿಲ್ಲ, ಚಿತ್ರ ಸಾಕು. ಮ್ಯಾಕ್‌ಪೇಂಟ್‌ನ ಮೂಲ ಕೋಡನ್ನು 2010ರಲ್ಲಿ ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಎಲ್ಲರಿಗೂ ತೆರೆದಿಟ್ಟಿತು. ಒಟ್ಟು 10 ಸಾವಿರ ಸಾಲಿಗಿಂತ ಕಡಿಮೆ. ಅಟ್ಕಿನ್‌ಸನ್ 2025ರ ಜೂನ್‌ನಲ್ಲಿ ತೀರಿಕೊಂಡರು.

ಆಪಲ್ ಯಂತ್ರ ನಮ್ಮ ಕಡೆ ನೋಡಿದವರೇ ಕಡಿಮೆ. ನಮಗೆ ಬಂದದ್ದು ಪಿಸಿ ದಾರಿ. ಅಲ್ಲಿ ಝಡ್‌ಸಾಫ್ಟ್ ಎಂಬ ಕಂಪನಿ 1984ರಲ್ಲಿ 'ಪಿಸಿ ಪೇಂಟ್‌ಬ್ರಷ್' ತಂದಿತು. ಆಗ ಮೌಸ್ ಹೊಸ ವಸ್ತು. ಅದನ್ನು ಕೊಂಡು ಮಾಡೋದೇನು ಅಂತ ಜನ ಕೇಳಿದರೆ ಉತ್ತರ ಬೇಕಲ್ಲ, ಹಾಗಾಗಿ ಮೌಸಿನ ಡಬ್ಬಿಯಲ್ಲೇ ಚಿತ್ರ ಬರೆಯುವ ತಂತ್ರಾಂಶ ಇಟ್ಟು ಮಾರುವ ರೂಢಿ ಬಂತು. ಮುಂದೆ ನಮ್ಮ ಕ್ಲಾಸುಗಳಲ್ಲಿ ಮೌಸ್ ಅಭ್ಯಾಸಕ್ಕೆ ಪೇಂಟ್ ಹಾಕಿ ಕೂರಿಸಿದ್ದೂ ಅದೇ ಉಪಾಯ. ಮೈಕ್ರೋಸಾಫ್ಟ್ 1985ರ ನವೆಂಬರಿನಲ್ಲಿ ಬಿಟ್ಟ ಮೊದಲ ವಿಂಡೋಸ್‌ನಲ್ಲೇ ಕಪ್ಪು ಬಿಳುಪಿನ ಪೇಂಟ್ ಇತ್ತು. 1990ರ ವಿಂಡೋಸ್ 3.0ರಲ್ಲಿ ಝಡ್‌ಸಾಫ್ಟ್‌ನಿಂದ ಪರವಾನಗಿ ಪಡೆದ ಬಣ್ಣದ 'ಪೇಂಟ್‌ಬ್ರಷ್' ಬಂತು. ವಿಂಡೋಸ್ 95ರಲ್ಲಿ ಮತ್ತೆ ಹೆಸರು ಪೇಂಟ್ ಆಯಿತು. ಎಡಕ್ಕೆ 16 ಉಪಕರಣ, ಕೆಳಗೆ ಎರಡು ಸಾಲಿನಲ್ಲಿ 28 ಬಣ್ಣ. ನಮಗೆಲ್ಲ ನೆನಪಿರುವ ಮುಖ ಅದೇ.

ಆ ಪೇಂಟಿನ ಗುಣದೋಷ ನೆನೆದರೆ ಈಗಲೂ ನಗು ಬರುತ್ತೆ. ಕಂಟ್ರೋಲ್ ಝಡ್ ಒತ್ತಿದರೆ ಮೂರು ಹೆಜ್ಜೆ ಮಾತ್ರ ಹಿಂದೆ ಹೋಗಬಹುದು. ನಾಲ್ಕನೇ ತಪ್ಪಿಗೆ ಕ್ಷಮೆ ಇಲ್ಲ! ವಿಸ್ತಾ ಬಂದಾಗ 10 ಆಯಿತು, 2009ರ ವಿಂಡೋಸ್ 7ರಲ್ಲಿ 50. ಅಕ್ಷರ ಟೈಪ್ ಮಾಡಿ ಹೊರಗೆ ಒಂದು ಕ್ಲಿಕ್ ಮಾಡಿದರೆ ಅದು ಅಕ್ಷರವಾಗಿ ಉಳಿಯಲ್ಲ, ಚುಕ್ಕಿಗಳಾಗಿ ಅಂಟಿಕೊಳ್ಳುತ್ತೆ. ಬಕೆಟ್ ಮಾಡೋದು ಇಷ್ಟೆ: ಕ್ಲಿಕ್ ಮಾಡಿದ ಚುಕ್ಕಿಯ ಬಣ್ಣ ನೋಡುತ್ತೆ, ಮೇಲೆ ಕೆಳಗೆ ಎಡ ಬಲ ಅದೇ ಬಣ್ಣದ ಚುಕ್ಕಿ ಇದ್ದರೆ ಅಲ್ಲಿಗೂ ಹೋಗುತ್ತೆ, ಅಲ್ಲಿಂದ ಮತ್ತೆ ಅಕ್ಕಪಕ್ಕಕ್ಕೆ. ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತಿನಷ್ಟು ಜಾಗ ಇದ್ದರೂ ನೀರು ಪಕ್ಕದ ಗದ್ದೆಗೆ ನುಗ್ಗಲ್ವೇ, ಹಾಗೆ. ಇನ್ನು ಬಿಎಂಪಿ ಕಡತ. ಒಂದು ಚುಕ್ಕಿಗೆ ಮೂರು ಬೈಟ್. 800 x 600ರ ಪರದೆ ಚಿತ್ರ ಅಂದ್ರೆ 14,40,000 ಬೈಟ್, ಮೇಲೆ 54 ಬೈಟಿನ ತಲೆಬರಹ. ಫ್ಲಾಪಿಯ ಹೊಟ್ಟೆ 14,74,560 ಬೈಟ್. ಅಂದ್ರೆ ಒಂದು ಫ್ಲಾಪಿಗೆ ಒಂದೇ ಚಿತ್ರ!

ಹೊಸಬರಿಗೆ ಇಷ್ಟು ಸುಲಭ ಆದರೆ ಸಾಕೇ? ಸಾಲದು ಅಂತ ತೋರಿಸಿದ್ದು ಒಂದು ಮೂರು ವರ್ಷದ ಮಗು. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದಲ್ಲಿದ್ದ ಕ್ರೇಗ್ ಹಿಕ್‌ಮನ್ 1988ರಲ್ಲಿ ತಮ್ಮ ಮಗ ಮ್ಯಾಕ್‌ಪೇಂಟ್ ಬಳಸೋದನ್ನು ನೋಡ್ತಿದ್ದರು. ಮಗುವಿಗೆ ಮೌಸ್ ಬೇಗ ಒಗ್ಗಿತು. ಆದರೆ ಕೈತಪ್ಪಿ ಯಾವುದೋ ಮೆನು ತೆರೆದು ಒಂದು ಪೆಟ್ಟಿಗೆ ಬಂದು ನಿಂತರೆ ಆಟ ಅಲ್ಲಿಗೇ ನಿಲ್ತಿತ್ತು. ಹಿಕ್‌ಮನ್ 'ಕಿಡ್ ಪಿಕ್ಸ್' ಬರೆದರು. ಎಲ್ಲವೂ ಪರದೆಯ ಮೇಲೇ, ಎಲ್ಲದಕ್ಕೂ ಒಂದು ಸದ್ದು, ಚಿತ್ರ ಅಳಿಸಬೇಕು ಅಂದ್ರೆ ಪಟಾಕಿ. 1989ರಲ್ಲಿ ಪುಕ್ಕಟೆಯಾಗಿ ಹಂಚಿದರು, 1991ರಲ್ಲಿ ಬ್ರೋಡರ್‌ಬಂಡ್ ಕಂಪನಿ ಮಾರಾಟಕ್ಕೆ ತಂದಿತು. ಅದೇ ಜಾಡಿನಲ್ಲಿ 2002ರಲ್ಲಿ ಬಿಲ್ ಕೆಂಡ್ರಿಕ್ ಶುರುಮಾಡಿದ 'ಟಕ್ಸ್ ಪೇಂಟ್' ಮುಕ್ತ ತಂತ್ರಾಂಶ. ಸ್ವಯಂಸೇವಕರು ಅದನ್ನು ನೂರಕ್ಕೂ ಹೆಚ್ಚು ಭಾಷೆಗಳಿಗೆ ತಂದಿದ್ದಾರೆ, ಕನ್ನಡವೂ ಅದರಲ್ಲಿದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹಾಕಿಕೊಟ್ಟು ನೋಡಿ.

ಇನ್ನು ನಮಗೆಲ್ಲ ಹತ್ತಿರದ ಒಂದು ಮಾತು. ಪೇಂಟ್ ಚಿತ್ರ ಬರೆಯೋಕೆ ಮಾತ್ರ ಅಂತ ಇದ್ದಿದ್ದರೆ ಕನ್ನಡಿಗರು ಅದನ್ನು ಅಷ್ಟು ಬಳಸ್ತಾನೇ ಇರಲಿಲ್ಲವೇನೋ. ವಿಂಡೋಸ್ 98ರಲ್ಲಿ ಕನ್ನಡ ಯುನಿಕೋಡ್ ಇರಲಿಲ್ಲ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದ ಮೇಲೆ ಟೈಪ್ ಮಾಡೋದು ಸುಲಭವಾಯಿತು. ಆದರೆ ಕಳಿಸೋದು? ಓದುವವರ ಬಳಿ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಕಸ ಕಾಣ್ತಿತ್ತು. ಆಗ ಉಳಿದಿದ್ದ ಉಪಾಯ ಏನು? ಬರೆದದ್ದನ್ನು ಪರದೆಯ ಮೇಲಿಟ್ಟು ಪ್ರಿಂಟ್ ಸ್ಕ್ರೀನ್ ಒತ್ತು, ಪೇಂಟ್ ತೆಗೆದು ಅಂಟಿಸು, ಬೇಕಾದಷ್ಟು ಕತ್ತರಿಸು, ಚಿತ್ರವಾಗಿ ಉಳಿಸಿ ಮೇಲ್ ಮಾಡು. ಯುಗಾದಿ ಶುಭಾಶಯ, ಮದುವೆ ಕರೆಯೋಲೆ, ಕವನ ಎಲ್ಲ ಹೀಗೇ ಊರೂರು ತಿರುಗಿದವು. 2001ರಲ್ಲಿ ಎಕ್ಸ್‌ಪಿ ಬಂದ ಮೇಲೂ ಸಿಡಿ ಹಾಕಿ ಭಾರತೀಯ ಲಿಪಿಗಳ ಕಡತ ಸೇರಿಸಿಕೊಳ್ಳದಿದ್ದರೆ ಒತ್ತಕ್ಷರ ನೆಟ್ಟಗೆ ಕೂರ್ತಿರಲಿಲ್ಲ. ಅಕ್ಷರವಾಗಿ ಹೋಗಲಾರದ ಕನ್ನಡವನ್ನು ಚಿತ್ರವಾಗಿಯಾದರೂ ದಾಟಿಸಿದ್ದು ಈ ಪುಕ್ಕಟೆ ತಂತ್ರಾಂಶ. ಅದಕ್ಕೊಂದು ಬೆಲೆಯನ್ನೂ ತೆತ್ತಿದ್ದೇವೆ. ಚಿತ್ರವಾದ ಕನ್ನಡ ಹುಡುಕಿದರೆ ಸಿಗಲ್ಲ. ಅಂದು ಹಾಗೆ ಹಾಕಿದ ಕವನ, ಲೇಖನಗಳ ಒಂದು ಪದವೂ ಯಾವ ಹುಡುಕಾಟಕ್ಕೂ ಸಿಕ್ಕಿರಲಿಕ್ಕಿಲ್ಲ.

2017ರ ಜುಲೈನಲ್ಲಿ ಮೈಕ್ರೋಸಾಫ್ಟ್ ಇನ್ನು ಮುಂದೆ ಅಭಿವೃದ್ಧಿ ಮಾಡದ ತಂತ್ರಾಂಶಗಳ ಪಟ್ಟಿ ಹಾಕಿತು, ಅದರಲ್ಲಿ ಪೇಂಟ್ ಕೂಡ. ಅದರ ಜಾಗಕ್ಕೆ 'ಪೇಂಟ್ 3ಡಿ' ಅಂತ ಹೊಸ ಸೊಸೆ ಬಂದಾಗಿತ್ತು. ಜಗತ್ತಿನಾದ್ಯಂತ ಜನ ಅತ್ತುಕೊಂಡರು, ಒಂದೇ ದಿನದಲ್ಲಿ ಕಂಪನಿ 'ಇಲ್ಲ ಇಲ್ಲ, ಸ್ಟೋರಿನಲ್ಲಿ ಪುಕ್ಕಟೆ ಸಿಗುತ್ತೆ' ಅಂತ ಸಮಾಧಾನ ಹೇಳಿತು. 2019ರಲ್ಲಿ ವಿಂಡೋಸ್ 10ರಲ್ಲೇ ಉಳಿಸಿಕೊಳ್ಳುವುದಾಗಿ ತಿಳಿಸಿತು. ತಮಾಷೆ ಏನು ಗೊತ್ತೇ? 2024ರ ನವೆಂಬರಿನಲ್ಲಿ ಸ್ಟೋರಿನಿಂದ ಹೊರಹೋಗಿದ್ದು ಪೇಂಟ್ 3ಡಿ. ಅತ್ತೆ ಗಟ್ಟಿ!

ಜನ ಯಾಕೆ ಅತ್ತರು ಅನ್ನೋದಕ್ಕೆ ಇಬ್ಬರ ಹೆಸರು ಹೇಳ್ತೀನಿ. ಅಮೆರಿಕದ ಹಾಲ್ ಲಾಸ್ಕೊ ನಿವೃತ್ತ ಗ್ರಾಫಿಕ್ ಕಲಾವಿದರು, ಮುಪ್ಪಿನಲ್ಲಿ ಕಣ್ಣಿನ ದೃಷ್ಟಿ ಮಂಜಾಯಿತು. ಮನೆಯವರು ಕೊಟ್ಟ ಕಂಪ್ಯೂಟರಿನಲ್ಲಿ ಪೇಂಟ್ ತೆರೆದು, ಚಿತ್ರವನ್ನು ದೊಡ್ಡದು ಮಾಡಿಕೊಂಡು, ಒಂದೊಂದೇ ಚುಕ್ಕಿ ಇಟ್ಟು ಚಿತ್ರ ಬರೆದರು. 2014ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಬ್ಬರು ಸ್ಪೇನ್ ದೇಶದ ವೆಲೆನ್ಸಿಯಾದ ಅಜ್ಜಿ ಕೊಂಚಾ ಗಾರ್ಸಿಯಾ ಝೇರಾ. ಗಂಡನ ಕಾಯಿಲೆಯಿಂದ ಮನೆಬಿಟ್ಟು ಹೋಗಲಾಗದ ದಿನಗಳಲ್ಲಿ ಮಕ್ಕಳು ತಂದುಕೊಟ್ಟ ಕಂಪ್ಯೂಟರಿನ ಪೇಂಟಿನಲ್ಲಿ ಬರೆಯತೊಡಗಿದರು. 2018ರಲ್ಲಿ ಅವರ ಚಿತ್ರಗಳು ಲೋಕವೆಲ್ಲ ಸುತ್ತಿದವು. ಇವರಿಬ್ಬರಿಗೂ ಇದಕ್ಕಿಂತ ದೊಡ್ಡ ತಂತ್ರಾಂಶ ಕೊಟ್ಟಿದ್ದರೆ ಎರಡನೇ ದಿನವೇ ಮುಚ್ಚಿಡ್ತಿದ್ದರೇನೋ.

2023ರಲ್ಲಿ ಪೇಂಟಿಗೆ ಲೇಯರುಗಳು ಬಂದವು. ಮಾತಿನಲ್ಲಿ ಹೇಳಿದರೆ ತಾನೇ ಚಿತ್ರ ಬರೆದುಕೊಡುವ ಕೃತಕ ಬುದ್ಧಿಯೂ ಸೇರಿತು. ಒಳ್ಳೆಯದೇ, ಬೇಕಾದವರು ಬಳಸಲಿ. ಆದರೆ 'ಎರಡು ಗುಡ್ಡ, ಒಂದು ಗುಡಿಸಲು' ಅಂತ ಹೇಳಿ ಅಂದವಾದ ಚಿತ್ರ ಪಡೆದ ಮಗುವಿಗೆ, ಗೆರೆ ಕೂಡದೆ ಬಣ್ಣ ಸೋರಿದ್ದು ಎಲ್ಲಿ ಅಂತ ಹುಡುಕುವ ಕೆಲಸ ತಪ್ಪಿಹೋಗುತ್ತೆ. ಚಿತ್ರವನ್ನು ಹಿಗ್ಗಿಸಿ, ಆ ಒಂದು ಚುಕ್ಕಿಯ ಬಿರುಕು ಕಂಡು, ಪೆನ್ಸಿಲ್ ತಗೊಂಡು ಮುಚ್ಚಿದಾಗಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಯಂತ್ರ ಮಾಯೆ ಅಲ್ಲ, ಚುಕ್ಕಿಗಳ ಲೆಕ್ಕ ಅಂತ ಗೊತ್ತಾಗಿದ್ದು. ಸುಲಭ ಮಾಡಿಕೊಡುವುದಕ್ಕೂ ಕಲಿಯಲು ಬಿಡುವುದಕ್ಕೂ ನಡುವೆ ಗೆರೆ ಎಲ್ಲಿ ಎಳೀಬೇಕು? ಅಟ್ಕಿನ್‌ಸನ್, ಕೇರ್, ಹಿಕ್‌ಮನ್ ಒಬ್ಬೊಬ್ಬರೂ ಅದನ್ನು ಒಂದೊಂದು ಕಡೆ ಎಳೆದರು. ನೀವಾದರೆ ಎಲ್ಲಿ ಎಳೀತೀರಿ, ಹೇಳಿ. ಹಾಗೇ, ಪೇಂಟಿನಲ್ಲಿ ಅಂಟಿಸಿ ಕಳಿಸಿದ ಹಳೆಯ ಕನ್ನಡ ಕಡತಗಳೇನಾದರೂ ನಿಮ್ಮ ಹತ್ತಿರ ಉಳಿದಿದ್ದರೆ, ಬಿಡುವಾದಾಗ ಒಂದೊಂದಾಗಿ ಟೈಪ್ ಮಾಡಿ ಯುನಿಕೋಡಿಗೆ ತನ್ನಿ. ಕಳೆದುಹೋಗುವ ಮುಂಚೆ.