ಪಾನನಿಷೇಧದಿಂದ ಉಸಿರಿನ ಪರೀಕ್ಷೆಯವರೆಗೆ: ನಮ್ಮ ಹೆದ್ದಾರಿಯ ಕಥೆ



ಅವಲಪಲ್ಲಿ, ಹೊಸೂರಿನ ಕಡೆಯ ನಮಗೆ ರಾಜ್ಯದ ಗಡಿ ದೊಡ್ಡ ಸಂಗತಿಯೇನಲ್ಲ. ಜೂಜುವಾಡಿ ದಾಟಿದರೆ ಅತ್ತಿಬೆಲೆ, ಅಲ್ಲಿಂದ ಕರ್ನಾಟಕ. ಕೆಲಸಕ್ಕೆ, ಕಾಲೇಜಿಗೆ, ಮದುವೆಗೆ ಎಂದು ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಈ ಗಡಿ ದಾಟುತ್ತೇವೆ. ಕುಡಿತಕ್ಕೂ ರಸ್ತೆಗೂ ಸಂಬಂಧಿಸಿದ ಕಾನೂನಿನ ಇತಿಹಾಸವನ್ನು ಓದಿದಾಗ ಅದರ ಮುಖ್ಯ ಅಧ್ಯಾಯಗಳು ನಮ್ಮ ಸುತ್ತಮುತ್ತಲೇ ನಡೆದಿರುವುದು ಕಾಣುತ್ತದೆ. ಆ ಇತಿಹಾಸ ನಮಗೊಂದು ಪಾಠವನ್ನೂ ಹೇಳುತ್ತದೆ.

ಮೊದಲ ಅಧ್ಯಾಯ ಆರಂಭವಾಗುವುದು ಹೊಸೂರಿನ ಹತ್ತಿರದ ತೊರಪಲ್ಲಿಯಲ್ಲಿ. ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಹೊಸೂರಿನ ಶಾಲೆಯಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. 1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ ಅದೇ ವರ್ಷ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ತಂದರು. ಆಗ ಹೊಸೂರು, ಕೃಷ್ಣಗಿರಿ ಎರಡೂ ಸೇಲಂ ಜಿಲ್ಲೆಗೇ ಸೇರಿದ್ದವು. ಪ್ರಾಂತ್ಯದಲ್ಲಿ ಹೆಂಡ, ಸಾರಾಯಿ ಅಂಗಡಿಗಳು ಮೊದಲು ಮುಚ್ಚಿದ ಜಿಲ್ಲೆಯಲ್ಲಿ ನಮ್ಮ ಊರುಗಳೂ ಇದ್ದವು. ಅಬಕಾರಿ ವರಮಾನ ಹೋದದ್ದನ್ನು ತುಂಬಿಕೊಳ್ಳಲು ರಾಜಾಜಿ 1939ರಲ್ಲಿ ಮಾರಾಟ ತೆರಿಗೆ ತಂದರು. 1948ರ ಹೊತ್ತಿಗೆ ಪಾನನಿಷೇಧ ಇಡೀ ಪ್ರಾಂತ್ಯಕ್ಕೆ ಹಬ್ಬಿತು.

ಕುಡಿತ ಬಡವರ ಮನೆಯನ್ನು ಹಾಳು ಮಾಡುತ್ತದೆ ಎಂಬುದು ರಾಜಾಜಿಯವರ ನೋವಾಗಿತ್ತು. ಆದರೆ ಹೊಸೂರಿನ ಆಚೆಗೇ ಮೈಸೂರು ಸಂಸ್ಥಾನ. ಮದರಾಸಿನ ಕಾಯ್ದೆ ಅಲ್ಲಿ ನಡೆಯುತ್ತಿರಲಿಲ್ಲ. ಜಿಲ್ಲೆಯ ನಕ್ಷೆ ಹಿಡಿದು ಎಳೆದ ಗೆರೆ ನಮ್ಮಂಥ ಗಡಿ ಊರಿನಲ್ಲಿ ಕೆಲವೇ ಮೈಲಿಗೆ ಮುಗಿದುಹೋಗುತ್ತಿತ್ತು.

1971ರ ಆಗಸ್ಟ್ 30ರಂದು ಕರುಣಾನಿಧಿಯವರ ಸರ್ಕಾರ ತಮಿಳುನಾಡಿನಲ್ಲಿ ಪಾನನಿಷೇಧವನ್ನು ಸಡಿಲಿಸಿತು. ಕೆಲವೇ ವರ್ಷಗಳಲ್ಲಿ ಅಂಗಡಿಗಳು ಮತ್ತೆ ಮುಚ್ಚಿದವು, 1981ರಲ್ಲಿ ಮತ್ತೆ ತೆರೆದವು. 1983ರಲ್ಲಿ ಟಾಸ್ಮಾಕ್ ಹುಟ್ಟಿತು; 2003ರಿಂದ ಚಿಲ್ಲರೆ ಮಾರಾಟವೂ ಅದರ ಕೈಗೆ ಬಂತು. ಇದೇ ಕಾಲದಲ್ಲಿ ಹೊಸೂರು ಕೈಗಾರಿಕಾ ಊರಾಗಿ ಬೆಳೆಯಿತು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇಲ್ಲಿಂದಲೇ. ಹೀಗೆ ಒಂದೇ ತಲೆಮಾರಿನಲ್ಲಿ ಊರಿಗೆ ಮದ್ಯದಂಗಡಿಯೂ ಬಂತು, ಮನೆಮನೆಗೆ ಗಾಡಿಯೂ ಬಂತು.

ರಸ್ತೆಯ ಕಾನೂನು ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. 1939ರ ಮೋಟಾರು ವಾಹನ ಕಾಯ್ದೆ ಕುಡಿದು ಗಾಡಿ ಓಡಿಸುವುದನ್ನು ಅಪರಾಧವೆಂದಿತ್ತು. ಆದರೆ ಚಾಲಕ ಗಾಡಿಯನ್ನು ಹತೋಟಿಯಲ್ಲಿಡಲಾರದಷ್ಟು ಅಮಲಿನಲ್ಲಿದ್ದ ಎಂದು ತೋರಿಸಬೇಕಿತ್ತು. ಬಾಯಿಯ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಪೊಲೀಸರ ಬಳಿ ಇದ್ದ ಸಾಕ್ಷ್ಯ ಬಹುಮಟ್ಟಿಗೆ ಇಷ್ಟೇ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ 1971ರಲ್ಲಿ ಸರ್ವೋಚ್ಚ ನ್ಯಾಯಾಲಯ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ ಇಂಥ ಲಕ್ಷಣಗಳಷ್ಟೇ ಸಾಲವು ಎಂದಿತು. ಕಣ್ಣಂದಾಜಿನ ಕಾಲ ಮುಗಿಯಬೇಕಿತ್ತು.

ಅಳೆಯುವ ಉಪಕರಣ ಅಷ್ಟರಲ್ಲಿ ಬಂದಾಗಿತ್ತು. ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೊರ್ಕೆನ್‌ಸ್ಟೈನ್ 1954ರಲ್ಲಿ ಬ್ರೆತ್ ಅನಲೈಸರ್ ರೂಪಿಸಿದ್ದರು. ಕುಡಿದದ್ದು ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಉಸಿರಿಗೆ. ಸುಮಾರು 2100 ಮಿಲಿಲೀಟರ್ ಉಸಿರಿನಲ್ಲಿರುವ ಆಲ್ಕೋಹಾಲ್ 1 ಮಿಲಿಲೀಟರ್ ರಕ್ತದಲ್ಲಿರುವುದಕ್ಕೆ ಸಮ ಎಂಬ ಲೆಕ್ಕದ ಮೇಲೆ ಇಂಥ ಉಪಕರಣ ನಡೆಯುತ್ತದೆ. ಬ್ರಿಟನ್ 1967ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮಿತಿ ಹಾಕಿತು. ನಮ್ಮಲ್ಲಿ 1988ರ ಕಾಯ್ದೆಯ 185ನೇ ಕಲಮಿಗೆ 1994ರಲ್ಲಿ ತಿದ್ದುಪಡಿ ಬಂದು 30 ಮಿಲಿಗ್ರಾಂ ಮಿತಿಯೂ ಬ್ರೆತ್ ಅನಲೈಸರ್ ಹೆಸರೂ ಕಾನೂನಿನೊಳಗೆ ಸೇರಿದವು. “ನಾನು ಸ್ಟೆಡಿಯಾಗೇ ಇದ್ದೀನಿ ಸಾರ್” ಎಂಬ ಮಾತಿಗೆ ಅಲ್ಲಿಗೆ ಬೆಲೆ ಹೋಯಿತು.

ಪೊಲೀಸರಿಗೂ ಕಾನೂನು ಕಟ್ಟುಪಾಡು ಹಾಕಿದೆ. ಈ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬೇಕಾದರೆ ಅಧಿಕಾರಿ ಸಮವಸ್ತ್ರದಲ್ಲಿರಬೇಕು. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, ಎರಡು ವರ್ಷದವರೆಗೆ ಸೆರೆ. ತಮಿಳುನಾಡು ಹೆಚ್ಚಿದ ದಂಡಗಳನ್ನು 2022ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು.

ಈ ನಡುವೆ ನಕ್ಷೆಯ ಮೇಲೆ ಗೆರೆ ಎಳೆಯುವ ಹಳೆಯ ಉಪಾಯ ಮತ್ತೊಮ್ಮೆ ಬಂತು. ಹೆದ್ದಾರಿ ಬದಿಯ ಮದ್ಯದಂಗಡಿಗಳ ವಿರುದ್ಧ ತಮಿಳುನಾಡಿನ ವಕೀಲ ಕೆ. ಬಾಲು ಮದರಾಸು ಹೈಕೋರ್ಟಿಗೆ ಹೋದರು. ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಬೆಳೆದು, 2016ರ ಡಿಸೆಂಬರ್ 15ರಂದು ದೇಶಕ್ಕೆಲ್ಲ ತಟ್ಟುವ ತೀರ್ಪು ಬಂತು: ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಅದಕ್ಕೆ ಹಿಂದಿನ ವರ್ಷ, 2015ರಲ್ಲಿ, ರಸ್ತೆ ಅಪಘಾತಗಳಲ್ಲಿ ದೇಶ ಕಳೆದುಕೊಂಡದ್ದು 1,46,133 ಜೀವಗಳನ್ನು. 2017ರ ಏಪ್ರಿಲ್ 1ರ ಹೊತ್ತಿಗೆ ತಮಿಳುನಾಡಿನಲ್ಲೇ ಮೂರು ಸಾವಿರಕ್ಕೂ ಹೆಚ್ಚು ಅಂಗಡಿಗಳು ಬಾಗಿಲು ಹಾಕಿದವು.

ಗೆರೆ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. 20,000ಕ್ಕಿಂತ ಹೆಚ್ಚು ಜನರಿಲ್ಲದ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು. 2017ರ ಜುಲೈನಲ್ಲಿ ನಗರಸಭೆಗಳ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು. 2018ರಲ್ಲಿ ಪಂಚಾಯಿತಿ ಪ್ರದೇಶಗಳ ವಿಷಯವನ್ನೂ ರಾಜ್ಯಗಳ ವಿವೇಚನೆಗೆ ಬಿಡಲಾಯಿತು. ಕೇರಳದ ಉತ್ತರ ಪರವೂರಿನಲ್ಲಿ ಒಂದು ಬಾರ್‌ನವರು ಒಳಹೋಗುವ ದಾರಿಯನ್ನು ಸುತ್ತಿಬಳಸಿ ಕಟ್ಟಿ ದೂರದ ಲೆಕ್ಕ ತುಂಬಿಸಿದರು. ಅಂಗಡಿ ಇದ್ದಲ್ಲೇ ಇತ್ತು.

ನಾವು ಈ ಇತಿಹಾಸದಿಂದ ಕಲಿಯುವುದು ಇದು: ನೆಲದ ಮೇಲೆ ಎಳೆದ ಗೆರೆಯನ್ನು ಗಾಡಿ ದಾಟುತ್ತದೆ. 1937ರಲ್ಲಿ ಅದು ಜಿಲ್ಲೆಯ ಗಡಿಯಾಗಿತ್ತು, 2016ರಲ್ಲಿ 500 ಮೀಟರ್ ಆಗಿತ್ತು. ಅಂಗಡಿ ದೂರವಾದರೆ ಪ್ರಯೋಜನ ಉಂಟು, ಇಲ್ಲವೆನ್ನಲಾರೆವು. ಆದರೆ 30 ಮಿಲಿಗ್ರಾಂ ಎಂಬ ಮಿತಿ ಚಾಲಕನ ರಕ್ತದಲ್ಲೇ ಅವನ ಜೊತೆ ಪ್ರಯಾಣ ಮಾಡುತ್ತದೆ. ಅದು ಅತ್ತಿಬೆಲೆಯಲ್ಲೂ ಒಂದೇ, ಜೂಜುವಾಡಿಯಲ್ಲೂ ಒಂದೇ. ಎಲ್ಲಿ ಕುಡಿದೆ ಎಂದು ಅದು ಕೇಳುವುದಿಲ್ಲ, ಈಗ ಹ್ಯಾಂಡಲ್ ಯಾರ ಕೈಯಲ್ಲಿದೆ ಎಂದು ಕೇಳುತ್ತದೆ.

ಆದರೂ ಆ ಮಿತಿಯನ್ನು ಅಳೆಯಲು ರಾತ್ರಿ ಹೊತ್ತು ರಸ್ತೆಯಲ್ಲಿ ಒಬ್ಬ ಪೊಲೀಸ್ ನಿಂತಿರಬೇಕು. ಹೆದ್ದಾರಿಯಲ್ಲಿ ನಿಂತವರು ನಮ್ಮ ಪ್ರತಿ ಹಳ್ಳಿ ತಿರುವಿನಲ್ಲೂ ನಿಲ್ಲಲಾರರು. ‘ಇವತ್ತು ಚೆಕಿಂಗ್ ಇದೆ, ಒಳದಾರಿಯಲ್ಲಿ ಬಾ’ ಎಂಬ ಫೋನು ನಮ್ಮ ಹುಡುಗರ ನಡುವೆ ಓಡಾಡುವುದೂ ಉಂಟು. ಆ ಒಳದಾರಿಯಲ್ಲಿ ಬೀದಿದೀಪ ಇರುವುದಿಲ್ಲ, ಬಿದ್ದರೆ ಎತ್ತುವವರೂ ಇರುವುದಿಲ್ಲ.

ಇಲ್ಲಿ ಕಾನೂನು ನಮ್ಮನ್ನೂ ಸೇರಿಸಿಕೊಂಡಿದೆ. ಕಾಯ್ದೆಯ 188ನೇ ಕಲಮು ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆ ಹೇಳುತ್ತದೆ. ಕುಡಿದ ಚಾಲಕನ ಜೊತೆ ಪ್ರಯಾಣಿಸುವವರಿಗೂ ದಂಡ ಹಾಕುವುದಾಗಿ ಚೆನ್ನೈ ಸಂಚಾರ ಪೊಲೀಸರು 2022ರಲ್ಲಿ ಹೇಳಿದ್ದರು. ಹಿಂದಿನ ಸೀಟಿನಲ್ಲಿ ಕೂತ ಗೆಳೆಯನೂ ಜವಾಬ್ದಾರ ಎಂಬುದು ಅದರ ಅರ್ಥ.

ಇನ್ನು ಹಬ್ಬ, ಮದುವೆಗಳ ಸಾಲು ಬರುತ್ತದೆ. ಊಟದ ಲೆಕ್ಕ ಹಾಕುವಾಗಲೇ ರಾತ್ರಿ ಯಾರು ಯಾರನ್ನು ಮನೆಗೆ ಬಿಡುತ್ತಾರೆ ಎಂಬ ಲೆಕ್ಕವನ್ನೂ ಹಾಕಿಕೊಳ್ಳೋಣ. ಕುಡಿದ ಅಣ್ಣನ ಕೈಯಿಂದ ಬೈಕಿನ ಕೀ ತೆಗೆದುಕೊಳ್ಳಲು ಸಂಕೋಚಪಡುವುದು ಬೇಡ. ಅವನು ಆ ರಾತ್ರಿ ಬೈದುಕೊಳ್ಳಬಹುದು. ಬೆಳಿಗ್ಗೆ ಅವನ ಅಮ್ಮ ಅವನಿಗೆ ಕಾಫಿ ಕೊಡುತ್ತಾಳಲ್ಲ, ನಮಗೆ ಅಷ್ಟು ಸಾಕು.