ಹರಮಿನ ಎಲ್ಲೆಕಲ್ಲುಗಳು

ಮಕ್ಕಾದ ಪವಿತ್ರ ಹರಮ್ ಭೂಮಿಯ ಎಲ್ಲೆ ವೃತ್ತಾಕಾರದ್ದಲ್ಲ. ತನ್ಈಮ್ ಕಡೆಗೆ ಅದು ಕಅಬಾದಿಂದ ಸುಮಾರು 7 ಕಿ.ಮೀ. ದೂರದಲ್ಲಿದ್ದರೆ, ಹುದೈಬಿಯಾದ ಕಡೆಗೆ 20 ಕಿ.ಮೀ.ಗೂ ಮಿಗಿಲು. ಈ ಎಲ್ಲೆಯ ಗುರುತುಗಳನ್ನು ಮೊದಲು ನೆಟ್ಟವರು ಇಬ್ರಾಹೀಮ್(ಅ) ಎಂದು ಇತಿಹಾಸಕಾರರು ಬರೆದಿದ್ದಾರೆ. ಹಿಜರತ್‌ಗೆ ಮುನ್ನ ಖುರೈಷರು ಒಮ್ಮೆ ಅವನ್ನು ಕಿತ್ತುಹಾಕಿ, ಬಳಿಕ ತಾವೇ ಮರಳಿ ನೆಟ್ಟರೆಂಬ ವರದಿಯೂ ಇದೆ. ಹಿಜರಿ 8ರಲ್ಲಿ ಮಕ್ಕಾ ವಿಜಯವಾದಾಗ ಪ್ರವಾದಿ(ಸ)ಯವರು ತಮೀಮ್ ಬಿನ್ ಅಸದ್(ರ)ರನ್ನು ಕಳುಹಿಸಿ ಆ ಗುರುತುಗಳನ್ನು ನವೀಕರಿಸಿದರು. ಮುಂದೆ ಖಲೀಫಾ ಉಮರ್(ರ) ಇದೇ ಕೆಲಸಕ್ಕೆ ಮಖ್ರಮಾ, ಹುವೈತಿಬ್ ಮೊದಲಾದ ನಾಲ್ವರು ಖುರೈಷಿ ಹಿರಿಯರನ್ನು ನೇಮಿಸಿದರು.

ಕಲ್ಲಿಗೇಕೆ ಇಷ್ಟು ಕಾಳಜಿ? ನಮ್ಮ ಹೊಲದ ಬಾಂದುಕಲ್ಲು ಒಡೆಯನ ಹಕ್ಕನ್ನು ಸಾರುತ್ತದೆ; ಪರರು ಒಳಬರಬಾರದೆನ್ನುತ್ತದೆ. ಹರಮಿನ ಕಲ್ಲಾದರೋ ಒಳಗಿರುವವನ ಕೈಯನ್ನೇ ಹಿಡಿಯುತ್ತದೆ. ಅದನ್ನು ದಾಟಿ ಬಂದ ಜಿಂಕೆಯನ್ನು ಬೇಟೆಯಾಡುವಂತಿಲ್ಲ, ಹಕ್ಕಿಯನ್ನು ಬೆದರಿಸಿ ಓಡಿಸುವಂತಿಲ್ಲ, ತಾನಾಗಿ ಬೆಳೆದ ಮರವನ್ನು ಕಡಿಯುವಂತಿಲ್ಲ. ದಾರಿಯಲ್ಲಿ ಬಿದ್ದ ವಸ್ತುವನ್ನು ಕೂಡ ಅದರ ವಾರಸುದಾರನನ್ನು ಹುಡುಕುವವನ ಹೊರತು ಬೇರಾರೂ ಎತ್ತಿಕೊಳ್ಳಬಾರದು. ಎಲ್ಲೆಯೇ ಕಾಣದಿದ್ದರೆ ಬೇಡನು ಬಿಲ್ಲನ್ನು ಎಲ್ಲಿ ಇಳಿಸಬೇಕು?

ಮಕ್ಕಾ ವಿಜಯದ ಸಂದರ್ಭದಲ್ಲಿಯೇ ಪ್ರವಾದಿ(ಸ)ಯವರು ಈ ನಿಷೇಧಗಳನ್ನು ಜನರಿಗೆ ಮತ್ತೆ ತಿಳಿಸಿದರು. ಹುಲ್ಲನ್ನೂ ಕೀಳಬಾರದೆಂದಾಗ ಅವರ ಚಿಕ್ಕಪ್ಪ ಅಬ್ಬಾಸ್(ರ) ಮಧ್ಯೆ ಮಾತನಾಡಿ, ಇದ್‌ಖಿರ್ ಎಂಬ ಸುಗಂಧದ ಹುಲ್ಲಿಗೆ ವಿನಾಯಿತಿ ಕೋರಿದರು. ಕಮ್ಮಾರರ ಕುಲುಮೆಗೂ ಜನರ ಮನೆಗಳಿಗೂ ಅದು ಬೇಕಾಗಿತ್ತು. ಪ್ರವಾದಿ(ಸ)ಯವರು ಅಲ್ಲಿಯೇ ಅದಕ್ಕೆ ಒಪ್ಪಿದರು.